ಗುಂಡು ಉರುಳಿತು, ಲೆಕ್ಕ ಕೂಡಲಿಲ್ಲ: ಉರುಳು ಚಲನೆಯ ಶಕ್ತಿ ಲೆಕ್ಕದಲ್ಲಿ ದೋಷ ಹುಡುಕುವ ಕೈಪಿಡಿ

ಇಳಿಜಾರಿನ ಮೇಲಿಂದ ಒಂದು ಗುಂಡು ಬಿಟ್ಟಿರಿ. ಕೆಳಗೆ ಅದರ ವೇಗ ಅಳೆದಿರಿ. ಮೇಲಿದ್ದ ಪ್ರಚ್ಛನ್ನ ಶಕ್ತಿ ಇಷ್ಟು, ಕೆಳಗೆ ಸಿಕ್ಕ ಚಲನ ಶಕ್ತಿ ಅಷ್ಟು. ಎರಡೂ ತಾಳೆ ಬೀಳುತ್ತಿಲ್ಲ. ಆಗ ಹೆಚ್ಚಿನವರು "ಘರ್ಷಣೆಯಿಂದ ಶಕ್ತಿ ನಷ್ಟವಾಗಿದೆ" ಅಂತ ರೆಕಾರ್ಡ್ ಪುಸ್ತಕದಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ.

ಬಹಳ ಸಲ ಇದು ಸುಳ್ಳು ಆರೋಪ. ಜಾರದೆ ಉರುಳುವ ಗುಂಡಿನ ತಳ, ನೆಲ ಮುಟ್ಟಿದ ಆ ಕ್ಷಣಕ್ಕೆ, ನಿಂತೇ ಇರುತ್ತದೆ. ನಿಂತ ಬಿಂದುವಿನ ಮೇಲೆ ಬಿದ್ದ ಬಲ ಯಾವ ಕೆಲಸವನ್ನೂ ಮಾಡುವುದಿಲ್ಲ. ಅಲ್ಲಿರುವ ಸ್ಥಿರ ಘರ್ಷಣೆ (ಜಾರದಂತೆ ಹಿಡಿದಿಡುವ ಘರ್ಷಣೆ) ಓಟದಿಂದ, ಅಂದರೆ ಮುಂದಕ್ಕೆ ಹೋಗುವ ಚಲನೆಯಿಂದ, ಒಂದಿಷ್ಟು ಶಕ್ತಿ ತೆಗೆದು ಸುತ್ತುವ ಚಲನೆಗೆ ಕೊಡುತ್ತದೆ. ಈ ಸುತ್ತುವ ಚಲನೆಯನ್ನು "ಸುತ್ತು" ಅನ್ನೋಣ. ಒಂದು ಜೇಬಿನ ದುಡ್ಡು ಇನ್ನೊಂದು ಜೇಬಿಗೆ ಹೋದ ಹಾಗೆ. ಒಟ್ಟು ಮೊತ್ತ ಹಾಗೇ ಇದೆ.

ಘರ್ಷಣೆ ಶಕ್ತಿ ತಿನ್ನುವ ಸಂದರ್ಭಗಳೂ ಇವೆ, ಇಲ್ಲ ಅಂತಲ್ಲ. ಆದರೆ ಅದಕ್ಕೆ ಬೇರೆ ಗುರುತುಗಳಿವೆ. ಲೆಕ್ಕ ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಅನ್ನುವುದನ್ನು ನೋಡಿದರೆ ದೋಷ ಎಲ್ಲಿದೆ ಅಂತ ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ.

ಕೈ ಹಾಕುವ ಮೊದಲು

ಉಕ್ಕಿನ ಗುಂಡು ಚಿಕ್ಕದಾದರೂ ಕಾಲ್ಬೆರಳ ಮೇಲೆ ಬಿದ್ದರೆ ನೋವು ಚಿಕ್ಕದಲ್ಲ. ಇಳಿಜಾರಿನ ತುದಿಯಲ್ಲಿ ಬಟ್ಟೆ ಹಾಸಿದ ಡಬ್ಬಿ ಇಡಿ. ಹಲಗೆಯನ್ನು ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಪುಸ್ತಕಗಳ ಮೇಲೆ ಸುಮ್ನೆ ಒರಗಿಸಬೇಡಿ. ಲೂಪ್ ಹಳಿಯಲ್ಲಿ (ನಿಂತ ವೃತ್ತದಂತೆ ಸುತ್ತಿ ಬರುವ ಹಳಿ) ಗುಂಡು ಮೇಲಿಂದ ಕಳಚಿ ಹಾರಬಹುದು, ಹಾಗಾಗಿ ಕನ್ನಡಕ ಹಾಕಿಕೊಳ್ಳಿ. ಲೇಸರ್ ಗೇಟ್ (ಬೆಳಕಿನ ಕಿರಣಕ್ಕೆ ಅಡ್ಡ ಬಂದ ಹೊತ್ತನ್ನು ಅಳೆಯುವ ಸಾಧನ) ಇದ್ದರೆ ಕಿರಣದ ಎತ್ತರಕ್ಕೆ ಕಣ್ಣು ತರಬೇಡಿ. ಸೋಡಾ ತುಂಬಿದ ಡಬ್ಬಿ, ಗಾಜಿನ ಬಾಟಲಿ ಇವನ್ನು ಉರುಳಿಸುವುದು ಬೇಡ. ಭಾರದ ಗಾಲಿ, ಫ್ಲೈವೀಲ್, ರೋಡ್ ರೋಲರಿನಂಥ ಸಿಲಿಂಡರ್ ಇವು ಮೇಜಿನ ಮೇಲಿನ ಪ್ರಯೋಗದ ವಸ್ತುಗಳೇ ಅಲ್ಲ. ಉರುಳಲು ಶುರುವಾದ ಭಾರವನ್ನು ಕೈಯಿಂದ ತಡೆಯಲು ಯಾವತ್ತೂ ಹೋಗಬೇಡಿ.

ಮೊದಲು ಒಂದು ಸಂಖ್ಯೆ ತೆಗೆಯಿರಿ

ಖರ್ಚಿಲ್ಲದ ಪರೀಕ್ಷೆ ಇದು. ಅಳೆದ ವೇಗದ ವರ್ಗವನ್ನು (2 × ಗುರುತ್ವ ವೇಗೋತ್ಕರ್ಷ × ಇಳಿದ ಎತ್ತರ) ಇದರಿಂದ ಭಾಗಿಸಿ. ಗುರುತ್ವಕ್ಕೆ 9.81 ಹಾಕಿದರೆ ಸಾಕು. ಬಂದ ಸಂಖ್ಯೆಯನ್ನು "ಓಟದ ಪಾಲು" ಅನ್ನೋಣ. ಇಳಿಯುವಾಗ ಬಿಡುಗಡೆಯಾದ ಶಕ್ತಿಯಲ್ಲಿ ಮುಂದಕ್ಕೆ ಓಡುವುದಕ್ಕೆ ಎಷ್ಟು ಹೋಯಿತು ಅಂತ ಅದು ಹೇಳುತ್ತದೆ. ಉಳಿದದ್ದು ಸುತ್ತಿನ ಪಾಲು, ಇಲ್ಲವೇ ನಿಜವಾದ ನಷ್ಟ.

ಸಮತಟ್ಟು ಹಲಗೆಯ ಮೇಲೆ (ಇಳಿಜಾರೇ, ಆದರೆ ಮೈಯಲ್ಲಿ ಕಾಲುವೆ, ಸರಳು ಇಲ್ಲದ್ದು) ಜಾರದೆ ಉರುಳಿದರೆ ಬರಬೇಕಾದ ಪಾಲು ಹೀಗಿದೆ. ಪಕ್ಕದಲ್ಲಿರುವುದು 10 ಸೆಂ.ಮೀ. ಇಳಿದಾಗಿನ ವೇಗ.

ಘನ ಗೋಳ: 0.71, ಸೆಕೆಂಡಿಗೆ 1.18 ಮೀಟರ್
ಘನ ಸಿಲಿಂಡರ್: 0.67, ಸೆಕೆಂಡಿಗೆ 1.14 ಮೀಟರ್
ತೆಳು ಟೊಳ್ಳು ಗೋಳ: 0.60, ಸೆಕೆಂಡಿಗೆ 1.08 ಮೀಟರ್
ಬಳೆ ಅಥವಾ ತೆಳು ಕೊಳವೆ: 0.50, ಸೆಕೆಂಡಿಗೆ 0.99 ಮೀಟರ್

ಉರುಳದೆ, ಘರ್ಷಣೆಯೇ ಇಲ್ಲದೆ ಜಾರಿದರೆ ಪಾಲು 1, ವೇಗ 1.40. ಇದೇ ಮೇಲ್ಮಿತಿ. ತೂಕ ಎಷ್ಟಾದರೂ, ಗಾತ್ರ ಎಷ್ಟಾದರೂ ಈ ಪಾಲುಗಳು ಬದಲಾಗುವುದಿಲ್ಲ. ದ್ರವ್ಯರಾಶಿ ನಡುವಿನಿಂದ ಎಷ್ಟು ದೂರ ಹರಡಿದೆ ಅನ್ನುವುದೊಂದೇ ಲೆಕ್ಕಕ್ಕೆ ಬರುತ್ತದೆ. ಕಾಗದದ ಮೇಲೆ ಬಿಡಿಸಿದ ಲೆಕ್ಕದ ಉತ್ತರಕ್ಕೂ ಇದೇ ಸಂಖ್ಯೆ ತೆಗೆಯಬಹುದು. ಅಲ್ಲಿ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಕಾಗದದ ಮೇಲೆ ಧೂಳಿಲ್ಲ, ಗಾಳಿಯಿಲ್ಲ.

ಲಕ್ಷಣ: ನೂರಕ್ಕೆ ಸುಮಾರು 29 ಭಾಗ ಶಕ್ತಿ ಕಾಣೆಯಾಗಿದೆ

ಪಾಲು 0.71 ಬಂದಿದೆ, ಗುಂಡು ಘನ ಗೋಳ. ಅಂದರೆ ಪ್ರಯೋಗದಲ್ಲಿ ಏನೂ ತಪ್ಪಿಲ್ಲ. ತಪ್ಪಿರುವುದು ಕೊನೆಯ ಸಾಲಿನಲ್ಲಿ. ಅರ್ಧ × ರಾಶಿ × ವೇಗದ ವರ್ಗ ಅಷ್ಟನ್ನೇ ಬರೆದು, ಸುತ್ತಿನ ಶಕ್ತಿ ಬರೆಯುವುದನ್ನು ಬಿಟ್ಟಿದ್ದೀರಿ. ಘನ ಗೋಳದಲ್ಲಿ ಒಟ್ಟು ಶಕ್ತಿಯ ಏಳರಲ್ಲಿ ಎರಡು ಭಾಗ ಸುತ್ತಿನಲ್ಲಿರುತ್ತದೆ. ಸಿಲಿಂಡರಿನಲ್ಲಿ ಮೂರರಲ್ಲಿ ಒಂದು. ಬಳೆಯಲ್ಲಂತೂ ಸರಿಯಾಗಿ ಅರ್ಧ.

ಅರ್ಧ × ಮೊಮೆಂಟ್ ಆಫ್ ಇನರ್ಷಿಯಾ (ವಸ್ತುವನ್ನು ಸುತ್ತಿಸುವುದು ಎಷ್ಟು ಕಷ್ಟ ಅನ್ನುವ ಅಳತೆ) × ಕೋನೀಯ ವೇಗದ (ಸುತ್ತುವ ವೇಗ; ಓಟದ ವೇಗವನ್ನು ತ್ರಿಜ್ಯದಿಂದ ಭಾಗಿಸಿದ್ದು) ವರ್ಗ ಸೇರಿಸಿ ನೋಡಿ. ಕೂಡಿಬಂದರೆ ಮುಂದೆ ಓದಬೇಕಾಗಿಯೂ ಇಲ್ಲ.

ಲಕ್ಷಣ: ಪಾಲು ತೀರಾ ಕಮ್ಮಿ, 0.18ರ ಸುತ್ತಮುತ್ತ

ಮುಕ್ಕಾಲು ಪಾಲು ಶಕ್ತಿ ತಿನ್ನುವ ದೋಷವಿದ್ದರೆ ಗುಂಡು ತೆವಳುತ್ತಿರುವುದು ಕಣ್ಣಿಗೇ ಕಾಣುತ್ತದೆ. ಅದು ಸಲೀಸಾಗಿ ಓಡುತ್ತಿದ್ದರೂ ಲೆಕ್ಕದಲ್ಲಿ ಇಷ್ಟು ಕಮ್ಮಿ ಬಂದರೆ, ಸ್ಟಾಪ್‌ವಾಚ್ ಹಿಡಿದು ದೂರವನ್ನು ಕಾಲದಿಂದ ಭಾಗಿಸಿದ್ದೀರಿ. ಅದು ಸರಾಸರಿ ವೇಗ. ನಿಂತಲ್ಲಿಂದ ಹೊರಟು ಒಂದೇ ಸಮನೆ ವೇಗ ಏರಿಸಿಕೊಳ್ಳುವ ವಸ್ತುವಿನ ಕೊನೆಯ ವೇಗ ಸರಾಸರಿಯ ಎರಡರಷ್ಟು. ವೇಗ ಅರ್ಧವಾದರೆ ಅದರ ವರ್ಗ ಕಾಲು ಭಾಗ: 0.71ರ ಕಾಲು ಭಾಗ 0.18. ಎರಡರಿಂದ ಗುಣಿಸಿ, ಮುಗಿಯಿತು.

ಲಕ್ಷಣ: ಪಾಲು 1 ದಾಟಿದೆ

ಶಕ್ತಿ ಹುಟ್ಟಿತು ಅಂತ ಖುಷಿಪಡಬೇಡಿ. ಅಳತೆ ತಪ್ಪಿದೆ, ಅಥವಾ ಯಾರೋ ನೂಕಿದ್ದಾರೆ.

ಲೈಟ್ ಗೇಟ್ ಬಳಸುವವರು ಮೊದಲು ಕಿರಣದ ಎತ್ತರ ನೋಡಿ. ಗೇಟ್ ಹೇಳುವುದು ಕಿರಣ ಎಷ್ಟು ಹೊತ್ತು ಮುಚ್ಚಿತ್ತು ಅನ್ನುವುದನ್ನು ಮಾತ್ರ. ಆ ಹೊತ್ತಿನಿಂದ ಗುಂಡಿನ ವ್ಯಾಸವನ್ನು ಭಾಗಿಸಿ ವೇಗ ತೆಗೆಯುತ್ತೇವೆ. ಕಿರಣ ಗುಂಡಿನ ನಟ್ಟನಡುವೆ ಹಾದರೆ ಮಾತ್ರ ಇದು ಸರಿ. 20 ಮಿ.ಮೀ. ವ್ಯಾಸದ ಗುಂಡಿನಲ್ಲಿ ಕಿರಣ ನಡುವಿನಿಂದ 6 ಮಿ.ಮೀ. ಮೇಲೆ ಹಾದರೆ, ಅದನ್ನು ಮುಚ್ಚುವ ಅಗಲ 16 ಮಿ.ಮೀ. ಮಾತ್ರ. ನೀವು 20 ಅಂತ ಹಾಕಿದರೆ ವೇಗ ನೂರಕ್ಕೆ 25 ಜಾಸ್ತಿ ಬರುತ್ತದೆ. ಶಕ್ತಿ ನೂರಕ್ಕೆ 56 ಜಾಸ್ತಿ! ಕಿರಣದ ಎತ್ತರ ಒಂದಿಷ್ಟು ಏರುಪೇರಾದರೆ ಇಷ್ಟು ದೊಡ್ಡ ಎಡವಟ್ಟು. ಗುಂಡನ್ನು ಗೇಟಿನಲ್ಲಿ ನಿಲ್ಲಿಸಿ, ಮೆಲ್ಲಗೆ ತಳ್ಳುತ್ತಾ, ಕಿರಣ ಎಲ್ಲಿ ಮುಚ್ಚುತ್ತದೆ ಎಲ್ಲಿ ತೆರೆಯುತ್ತದೆ ಗುರುತು ಹಾಕಿ ಆ ಅಗಲವನ್ನೇ ಬಳಸಿ.

ಆಮೇಲೆ ಬಿಡುವ ರೀತಿ. ಬೆರಳಿನಿಂದ ಹಿಡಿದು ಬಿಟ್ಟರೆ ಗೊತ್ತಾಗದಂತೆ ಒಂದು ನೂಕು ಬೀಳುತ್ತದೆ. ಎತ್ತರ ಜಾಸ್ತಿ ಇದ್ದಾಗ ಇದು ಲೆಕ್ಕಕ್ಕಿಲ್ಲ. ಆದರೆ 2 ಸೆಂ.ಮೀ. ಮಾತ್ರ ಇಳಿಯುವ ಪ್ರಯೋಗದಲ್ಲಿ ಸೆಕೆಂಡಿಗೆ 0.2 ಮೀಟರಿನ ನೂಕು ಬಿದ್ದರೂ ಪಾಲು 0.71ರಿಂದ 0.82ಕ್ಕೆ ಹಾರುತ್ತದೆ. ಮುಂದೆ ಒಂದು ಸ್ಕೇಲ್ ಅಡ್ಡ ಹಿಡಿದು, ಇಳಿಜಾರಿನ ದಿಕ್ಕಿಗೇ ಸರಕ್ಕನೆ ಎಳೆದು ಬಿಡಿ.

ಮೂರನೆಯದು ಎತ್ತರ. ಹಲಗೆಯ ತುದಿಯಿಂದ ತುದಿಗೆ ಅಳೆಯಬೇಡಿ. ಗುಂಡು ಹೊರಟ ಜಾಗ ಮತ್ತು ವೇಗ ಅಳೆದ ಜಾಗ, ಇವೆರಡರ ನಡುವೆ ಗುಂಡಿನ ಕೇಂದ್ರ ಎಷ್ಟು ಇಳಿಯಿತು ಅನ್ನುವುದಷ್ಟೇ ಬೇಕು.

ಲಕ್ಷಣ: ಕಾಗದದ ಮೇಲೆಯೇ ಉತ್ತರ ವಿಚಿತ್ರ

ವೇಗದ ಸೂತ್ರದಲ್ಲಿ ರಾಶಿಯೋ ತ್ರಿಜ್ಯವೋ ಉಳಿದುಕೊಂಡಿದ್ದರೆ ಬೀಜಗಣಿತದಲ್ಲೇ ತಪ್ಪಿದೆ. ಸಮತಟ್ಟಿನ ಮೇಲೆ ಉರುಳುವ ಗೋಳ, ಸಿಲಿಂಡರ್, ಬಳೆಗಳಲ್ಲಿ ಎರಡೂ ಹೊಡೆದುಹೋಗಲೇಬೇಕು. ಎರಡೂ ಹೊಡೆದುಹೋಗಿ, ಪಾಲು ಮಾತ್ರ ತಪ್ಪು ಬಂದಿದ್ದರೆ ಸಂಖ್ಯೆಯನ್ನೇ ಕೇಳಿ.

ಘನ ಗೋಳಕ್ಕೆ 0.42 ಬಂತೇ? ಶಕ್ತಿಯನ್ನು ಎರಡು ಸಲ ಎಣಿಸಿದ್ದೀರಿ. ನೆಲ ಮುಟ್ಟುವ ಬಿಂದುವಿನ ಸುತ್ತಲಿನ ಮೊಮೆಂಟ್ ಆಫ್ ಇನರ್ಷಿಯಾ (ರಾಶಿ × ತ್ರಿಜ್ಯದ ವರ್ಗ × 7/5) ತೆಗೆದುಕೊಂಡರೆ ಅದರಲ್ಲೇ ಓಟವೂ ಸೇರಿರುತ್ತದೆ. ಅದರ ಮೇಲೆ ಮತ್ತೆ ಓಟದ ಶಕ್ತಿ ಕೂಡಿಸಬಾರದು. ಕೇಂದ್ರದ ಸುತ್ತ ಲೆಕ್ಕ ಹಾಕಿ ಓಟ ಕೂಡಿಸಿ, ಇಲ್ಲವೇ ಮುಟ್ಟುವ ಬಿಂದುವಿನ ಸುತ್ತ ಲೆಕ್ಕ ಹಾಕಿ ಸುಮ್ಮನಿರಿ.

0.91 ಬಂತೇ? ಕೋನೀಯ ವೇಗ ತೆಗೆಯುವಾಗ ತ್ರಿಜ್ಯದ ಜಾಗದಲ್ಲಿ ವ್ಯಾಸ ಕೂತಿದೆ. ಸುತ್ತಿನ ಶಕ್ತಿ ಕಾಲು ಭಾಗಕ್ಕೆ ಇಳಿದಿದೆ.

0.51 ಬಂದರೆ ಸ್ವಲ್ಪ ನಿಂತು ನೋಡಿ, ಯಾಕೆಂದರೆ ಬಳೆಯ ಪಾಲೂ ಅಲ್ಲೇ ಇದೆ. ಗೋಳಕ್ಕೆ 0.51 ಅಂದರೆ, ಸುತ್ತಿನ ಶಕ್ತಿಯನ್ನೂ ಬರೆದು, ಮೇಲಿಂದ "ಘರ್ಷಣೆಯ ವಿರುದ್ಧದ ಕೆಲಸ" ಅಂತ ಇನ್ನೊಮ್ಮೆ ಕಳೆದಿದ್ದೀರಿ. ಆ ಘರ್ಷಣೆ ಓಟದಿಂದ ತೆಗೆದದ್ದೇ ಸುತ್ತಿನ ಶಕ್ತಿ. ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗಾಯಿತು, ಅಲ್ವಾ?

ಇದರ ಜೊತೆಗೇ ಬರುವ ಇನ್ನೊಂದು ಗೊಂದಲ ಘರ್ಷಣೆಯ ದಿಕ್ಕು. ಗುಂಡು ಇಳಿಯುವಾಗ ಸ್ಥಿರ ಘರ್ಷಣೆ ಇಳಿಜಾರಿನ ಮೇಲ್ಮುಖಕ್ಕಿರುತ್ತದೆ. ಗುಂಡು ಉರುಳುತ್ತಾ ಏರುವಾಗಲೂ ಮೇಲ್ಮುಖಕ್ಕೇ ಇರುತ್ತದೆ! ಏರುವಾಗ ಓಟ ಕಮ್ಮಿಯಾಗುತ್ತಿದೆ, ಸುತ್ತೂ ಅದರ ಜೊತೆ ಕಮ್ಮಿಯಾಗಬೇಕು. ಸುತ್ತನ್ನು ತಗ್ಗಿಸಬೇಕಾದರೆ ಬಲ ಆ ದಿಕ್ಕಿಗೇ ಇರಬೇಕು. ಸಮತಟ್ಟಾದ ನೆಲದಲ್ಲಿ ಒಂದೇ ವೇಗದಲ್ಲಿ ಉರುಳುವಾಗ ಈ ಘರ್ಷಣೆ ಸೊನ್ನೆ.

ಲಕ್ಷಣ: ಘನ ಗೋಳ, ಆದರೆ ಪಾಲು 0.55ರಿಂದ 0.62ರ ನಡುವೆ ಬಂದು ಕೂತಿದೆ

ನನ್ನನ್ನು ಕೇಳಿದರೆ ಇಡೀ ವಿಷಯದಲ್ಲಿ ಜನ ಅತಿ ಹೆಚ್ಚು ಹೊತ್ತು ಕಳೆದುಕೊಳ್ಳುವುದು ಇಲ್ಲೇ. ಯಂತ್ರ ಸರಿ, ಗೇಟ್ ಸರಿ, ಗುಂಡು ಸರಿ, ಸೂತ್ರವೂ ಸರಿ. ಹತ್ತು ಸಲ ಮಾಡಿದರೂ ಅದೇ ತಪ್ಪು ಉತ್ತರ.

ಹಳಿ ನೋಡಿ. ಗುಂಡು ಪಕ್ಕಕ್ಕೆ ಹೋಗದಿರಲಿ ಅಂತ ಅದನ್ನು ಎರಡು ಸರಳುಗಳ ನಡುವೆ ಅಥವಾ ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಬಿಡುತ್ತೇವೆ. ಆಗ ಗುಂಡು ತನ್ನ ತಳದ ಮೇಲೆ ಉರುಳುತ್ತಿಲ್ಲ. ಎರಡು ಪಕ್ಕಗಳಲ್ಲಿ ಕೂತು, ನಡುವನ್ನು ಕೆಳಗೆ ಇಳಿಬಿಟ್ಟುಕೊಂಡು ಉರುಳುತ್ತಿದೆ. ಕೇಂದ್ರದಿಂದ ಆ ಎರಡು ಮುಟ್ಟುವ ಬಿಂದುಗಳನ್ನು ಸೇರಿಸುವ ಗೆರೆಗೆ ಇರುವ ದೂರವೇ ನಿಜವಾದ ಉರುಳು ತ್ರಿಜ್ಯ. ಅದು ಗುಂಡಿನ ತ್ರಿಜ್ಯಕ್ಕಿಂತ ಚಿಕ್ಕದು. ಅಷ್ಟೇ ದೂರ ಹೋಗಲು ಗುಂಡು ಜಾಸ್ತಿ ಸುತ್ತಬೇಕು. ಸುತ್ತಿನ ಪಾಲು ಏರುತ್ತದೆ, ಓಟದ ಪಾಲು ಇಳಿಯುತ್ತದೆ.

ಒಂದು ಉದಾಹರಣೆ ಬಿಡಿಸಿ ನೋಡೋಣ. ಗುಂಡಿನ ತ್ರಿಜ್ಯ 10 ಮಿ.ಮೀ., ಮುಟ್ಟುವ ಬಿಂದುಗಳ ನಡುವಿನ ಅಂತರ 12 ಮಿ.ಮೀ. ಅರ್ಧ ಅಂತರ 6. 10ರ ವರ್ಗದಲ್ಲಿ 6ರ ವರ್ಗ ಕಳೆದರೆ 64, ವರ್ಗಮೂಲ 8. ಉರುಳು ತ್ರಿಜ್ಯ 8 ಮಿ.ಮೀ. ಈಗ 100ನ್ನು 64ರಿಂದ ಭಾಗಿಸಿ, 0.4ರಿಂದ (ಘನ ಗೋಳದ ಮೊಮೆಂಟ್ ಆಫ್ ಇನರ್ಷಿಯಾದಲ್ಲಿ ಬರುವ ಸಂಖ್ಯೆ) ಗುಣಿಸಿ: 0.625. ಓಟದ ಶಕ್ತಿ 1 ಆದರೆ ಸುತ್ತಿನ ಶಕ್ತಿ ಇಷ್ಟು. ಓಟದ ಪಾಲು ಅಂದರೆ 1 ಭಾಗಿಸು 1.625, ಅಂದರೆ 0.615. ಟೊಳ್ಳು ಗೋಳದ 0.60ಕ್ಕೆ ಎಷ್ಟು ಹತ್ತಿರ ನೋಡಿ. ಗಟ್ಟಿ ಗುಂಡು ಹಳಿಯ ಮೇಲೆ ಕೂತು ಟೊಳ್ಳಿನ ವೇಷ ಹಾಕುತ್ತದೆ. ಲಂಬಕೋನದ ವಿ ಆಕಾರದ ಚಾನೆಲ್ ಆದರೆ ಪಾಲು ಇನ್ನೂ ಇಳಿದು 0.556 ಆಗುತ್ತದೆ. ಅಲ್ಲಿ ಗುಂಡಿನ ಗಾತ್ರ ಏನಿದ್ದರೂ ಇದೇ ಉತ್ತರ.

ಖಚಿತ ಮಾಡಿಕೊಳ್ಳಲು ದುಡ್ಡು ಬೇಕಿಲ್ಲ. ಗುಂಡಿನ ಮೇಲೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಡಿ. ಕೈಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ಉರುಳಿಸಿ ಎಷ್ಟು ಮುಂದೆ ಹೋಯಿತು ಅಳೆಯಿರಿ. ಮೇಲಿನ ಗುಂಡು ಸಮತಟ್ಟಿನ ಮೇಲೆ ಒಂದು ಸುತ್ತಿಗೆ ಸುಮಾರು 63 ಮಿ.ಮೀ. ಹೋಗುತ್ತದೆ, ಹಳಿಯ ಮೇಲೆ 50 ಮಾತ್ರ. ಈ ದೂರವನ್ನು 6.28ರಿಂದ ಭಾಗಿಸಿದರೆ ಉರುಳು ತ್ರಿಜ್ಯ ನೇರವಾಗಿ ಸಿಕ್ಕಿತು. ಹಳಿಯ ಅಗಲ ಅಳೆಯುವುದಕ್ಕಿಂತ ಇದೇ ಒಳ್ಳೆಯದು, ಯಾಕೆಂದರೆ ಸರಳಿನ ಯಾವ ಅಂಚಿನಲ್ಲಿ ಗುಂಡು ಮುಟ್ಟುತ್ತಿದೆ ಅಂತ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ.

ಗೆಲಿಲಿಯೋ 1638ರಲ್ಲಿ ವಿವರಿಸಿದ ಪ್ರಯೋಗದಲ್ಲೂ ಕಂಚಿನ ಗುಂಡು ಉರುಳಿದ್ದು ಮರದ ತೊಲೆಯಲ್ಲಿ ಕೊರೆದು, ಚರ್ಮದ ಹಾಳೆ ಅಂಟಿಸಿ ನುಣುಪು ಮಾಡಿದ ಕಾಲುವೆಯಲ್ಲಿ. ಕಾಲ ಅಳೆಯಲು ಹರಿದ ನೀರನ್ನು ತೂಗುತ್ತಿದ್ದರು. ದೂರ ಕಾಲದ ವರ್ಗದಂತೆ ಏರುತ್ತದೆ ಅನ್ನುವ ಫಲಿತಾಂಶಕ್ಕೆ ಉರುಳಾಟದಿಂದ ಏಟು ಬೀಳಲಿಲ್ಲ, ಯಾಕೆಂದರೆ ಸುತ್ತು ತಿನ್ನುವ ಪಾಲು ಉದ್ದಕ್ಕೂ ಒಂದೇ. ಆದರೆ ಅಂಥ ಇಳಿಜಾರಿನಿಂದ ಗುರುತ್ವದ ಬೆಲೆ ತೆಗೆಯಲು ಹೊರಟರೆ ಸುತ್ತಿನ ಪಾಲು ಕಳೆಯದೆ ಗತಿಯಿಲ್ಲ. ಸಮತಟ್ಟು ಹಲಗೆಯ ಮೇಲೆ ಘನ ಗೋಳ ಬಿಟ್ಟು ಗುರುತ್ವ 7 ಅಂತ ಬಂದರೆ ಗಾಬರಿಯಾಗಬೇಡಿ. ಅದು 9.81ರ ಏಳರಲ್ಲಿ ಐದು ಭಾಗ.

ಹಳಿ ಸಮತಟ್ಟೇ ಇದ್ದು ಪಾಲು 0.60ರಿಂದ 0.71ರ ನಡುವೆ ಬಂದರೆ, ಗುಂಡಿನ ಒಳಗು ಟೊಳ್ಳಿರಬಹುದು. ಒಡೆಯಬೇಡಿ, ತೂಗಿ. 20 ಮಿ.ಮೀ. ವ್ಯಾಸದ ಗಟ್ಟಿ ಉಕ್ಕಿನ ಗುಂಡು ಸುಮಾರು 33 ಗ್ರಾಂ ಇರಬೇಕು. ಸಿಲಿಂಡರ್ ಅಂದುಕೊಂಡದ್ದು ನೀರು ತುಂಬಿದ ಡಬ್ಬಿಯಾಗಿದ್ದರೆ ಪಾಲು ಉಲ್ಟಾ 0.67 ದಾಟಿ ಏರುತ್ತದೆ. ಡಬ್ಬಿ ಸುತ್ತಿದರೂ ಒಳಗಿನ ನೀರು ಕೂಡಲೇ ಸುತ್ತುವುದಿಲ್ಲ, ಜೊತೆಗೆ ಓಡುತ್ತದೆ ಅಷ್ಟೇ. ಅದು ದೃಢ ಕಾಯವೇ (ಆಕಾರ ಬದಲಾಗದೆ ಇಡಿಯಾಗಿ ಸುತ್ತುವ ವಸ್ತು) ಅಲ್ಲ, ಈ ಲೆಕ್ಕಗಳು ಅದಕ್ಕೆ ಹೊಂದುವುದಿಲ್ಲ.

ಲಕ್ಷಣ: ಪಾಲು 0.71 ದಾಟಿದೆ, 1 ಮುಟ್ಟಿಲ್ಲ. ಇಳಿಜಾರು ಕಡಿದಾದಷ್ಟೂ ಏರುತ್ತಿದೆ

ಈಗ ಘರ್ಷಣೆಯ ಮೇಲೆ ಅನುಮಾನ ಪಡಬಹುದು. ಗುಂಡು ಜಾರುತ್ತಿದೆ.

ವಿಚಿತ್ರ ಏನೆಂದರೆ, ಇಲ್ಲಿ ಶಕ್ತಿ ನಿಜವಾಗಿ ಶಾಖವಾಗಿ ಹೋಗುತ್ತಿದ್ದರೂ ಗುಂಡು ಲೆಕ್ಕಕ್ಕಿಂತ ಬೇಗ ಕೆಳಗೆ ಬರುತ್ತದೆ. ಸುತ್ತಿಗೆ ಕೊಡಬೇಕಾದಷ್ಟು ಶಕ್ತಿ ಕೊಡಲು ಘರ್ಷಣೆಗೆ ತಾಕತ್ತಿಲ್ಲ. ಆ ಉಳಿಕೆ ಓಟದಲ್ಲೇ ಉಳಿಯುತ್ತದೆ. 50 ಡಿಗ್ರಿ ಇಳಿಜಾರು, ಘರ್ಷಣಾ ಗುಣಾಂಕ (ಎರಡು ಮೈಗಳ ನಡುವಿನ ಹಿಡಿತದ ಅಳತೆ) 0.2 ಅಂದುಕೊಳ್ಳಿ. ಘನ ಗೋಳದ ಓಟದ ಪಾಲು 0.83, ಸುತ್ತಿನ ಪಾಲು 0.085 ಮಾತ್ರ. ಎರಡೂ ಕೂಡಿದರೆ 0.92. ಉಳಿದ ನೂರಕ್ಕೆ 8 ಭಾಗ ತಿಕ್ಕಾಟದ ಬಿಸಿ. ವೇಗ ಜಾಸ್ತಿ ಬಂತು ಅಂತ ನಷ್ಟವಿಲ್ಲ ಅಂದುಕೊಂಡರೆ ಮೋಸಹೋಗುತ್ತೀರಿ.

ಜಾರದೆ ಉರುಳಲು ಎಷ್ಟು ಹಿಡಿತ ಬೇಕು? ಘನ ಗೋಳಕ್ಕೆ ಗುಣಾಂಕ, ಇಳಿಜಾರಿನ ಕೋನದ ಟ್ಯಾನ್ ಬೆಲೆಯ (ಎತ್ತರವನ್ನು ಅಡ್ಡ ದೂರದಿಂದ ಭಾಗಿಸಿದ್ದು) ಏಳರಲ್ಲಿ ಎರಡು ಭಾಗವಾದರೂ ಇರಬೇಕು. ಸಿಲಿಂಡರಿಗೆ ಮೂರರಲ್ಲಿ ಒಂದು. ಬಳೆಗೆ ಅರ್ಧ. ಗುಣಾಂಕ 0.3 ಇರುವ ಹಲಗೆಯ ಮೇಲೆ ಗೋಳ ಸುಮಾರು 46 ಡಿಗ್ರಿವರೆಗೆ ಜಾರದು. ಬಳೆ 31 ಡಿಗ್ರಿಗೇ ಜಾರಲು ಶುರು. ಅಂದರೆ ಒಂದೇ ಹಲಗೆಯ ಮೇಲೆ ಗೋಳದ ಲೆಕ್ಕ ಸರಿಬಂದು ಬಳೆಯದ್ದು ತಪ್ಪಿದರೆ ಮೊದಲ ಅನುಮಾನ ಇದೇ.

ಪರೀಕ್ಷೆ: ಸಿಲಿಂಡರಿನ ಮುಖಕ್ಕೆ ಒಂದು ಗೆರೆ ಎಳೆದು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. 5 ಸೆಂ.ಮೀ. ವ್ಯಾಸದ್ದು ಒಂದು ಸುತ್ತಿಗೆ 15.7 ಸೆಂ.ಮೀ. ಹೋಗಬೇಕು. ಅದಕ್ಕಿಂತ ಜಾಸ್ತಿ ಹೋದರೆ ಜಾರಿದೆ. ಪರಿಹಾರ ಸುಲಭ. ಇಳಿಜಾರು ತಗ್ಗಿಸಿ. ಗುಂಡಿನ ಮೇಲಿನ ಎಣ್ಣೆ, ಬೆರಳಿನ ಜಿಡ್ಡು ಒರೆಸಿ. ಅಂಟಿನ ಟೇಪ್ ಹಚ್ಚಿ ಹಿಡಿತ ತರಲು ಹೋಗಬೇಡಿ, ಅಂಟು ಬಿಡಿಸಿಕೊಳ್ಳುವುದರಲ್ಲೇ ಶಕ್ತಿ ಖರ್ಚಾಗುತ್ತದೆ.

ಇಳಿಜಾರಿಲ್ಲದ ನೆಲದ ಮೇಲೂ ಇದೇ ಕಥೆ ಬೇರೆ ರೂಪದಲ್ಲಿದೆ. ಕೋಲಿನಿಂದ ನಡುವಿಗೆ ಹೊಡೆದ ಬಿಲಿಯರ್ಡ್ಸ್ ಚೆಂಡು ಮೊದಲು ಸುತ್ತದೆ ಜಾರುತ್ತದೆ, ಆಮೇಲೆ ಉರುಳಲು ಹತ್ತುತ್ತದೆ. ಅಷ್ಟರಲ್ಲಿ ವೇಗ ಏಳರಲ್ಲಿ ಐದು ಭಾಗಕ್ಕೆ ಇಳಿದಿರುತ್ತದೆ, ಒಟ್ಟು ಶಕ್ತಿಯಲ್ಲಿ ಏಳರಲ್ಲಿ ಎರಡು ಭಾಗ ಹೋಗಿರುತ್ತದೆ. ಬಟ್ಟೆ ಒರಟಾಗಿದ್ದರೂ ನುಣುಪಾಗಿದ್ದರೂ ನಷ್ಟ ಅಷ್ಟೇ. ಅದು ಎಷ್ಟು ದೂರದಲ್ಲಿ ಮುಗಿಯುತ್ತದೆ ಅನ್ನುವುದು ಮಾತ್ರ ಬದಲಾಗುತ್ತದೆ. ಗುಣಾಂಕ 0.2, ಶುರುವಿನ ವೇಗ ಸೆಕೆಂಡಿಗೆ 2 ಮೀಟರ್ ಇದ್ದರೆ ಸುಮಾರು ಅರ್ಧ ಮೀಟರಿನಲ್ಲಿ ಮುಗಿಯುತ್ತದೆ. ನಿಮ್ಮ ಎರಡು ಅಳತೆಗಳ ನಡುವೆ ಈ ಜಾಗ ಬಂದಿದೆಯೇ ನೋಡಿಕೊಳ್ಳಿ.

ಲಕ್ಷಣ: ಇಳಿಜಾರಿನಲ್ಲಿ ಸರಿ, ನೆಲಕ್ಕೆ ಬಂದ ಮೇಲೆ ಕಮ್ಮಿ

ಇಳಿಜಾರು ನೆಲವನ್ನು ಸೇರುವ ಮೂಲೆ ನೋಡಿ. ಅಲ್ಲಿ ಮಡಿಕೆ ಇದ್ದರೆ ಗುಂಡು ನೆಲಕ್ಕೆ ಡಿಕ್ಕಿ ಹೊಡೆಯುತ್ತದೆ. "ಟಕ್" ಅಂತ ಸದ್ದು ಕೇಳಿದರೆ ಸಂಶಯ ಬೇಡ. 20 ಡಿಗ್ರಿ ಮಡಿಕೆಯಲ್ಲಿ ಓಟದ ಶಕ್ತಿಯ ನೂರಕ್ಕೆ ಸುಮಾರು 12 ಭಾಗ ಹೋಗಬಹುದು. 5 ಡಿಗ್ರಿಯಲ್ಲಿ ನೂರಕ್ಕೆ ಒಂದು ಭಾಗವೂ ಇಲ್ಲ. ಮಡಿಕೆಯನ್ನು ಬಾಗಿದ ತಗಡು ಅಥವಾ ದಪ್ಪ ಕಾಗದದಿಂದ ದುಂಡಗೆ ಮಾಡಿ, ಇಲ್ಲವೇ ವೇಗವನ್ನು ಮೂಲೆಗೆ ಮೊದಲೇ ಅಳೆಯಿರಿ.

ಲಕ್ಷಣ: ಎದುರಿನ ಏರಿನಲ್ಲಿ ಅದೇ ಎತ್ತರ ಮುಟ್ಟುವುದಿಲ್ಲ

ಎರಡೂ ಕಡೆ ಒಂದೇ ಥರದ ಹಿಡಿತವಿದ್ದರೆ ಗುಂಡು ಹೆಚ್ಚುಕಮ್ಮಿ ಹೊರಟ ಎತ್ತರಕ್ಕೇ ಏರಬೇಕು. ಏರು ಕಡೆ ತೀರಾ ನುಣುಪಾಗಿದ್ದರೆ ಏಳರಲ್ಲಿ ಐದು ಭಾಗದಷ್ಟೇ ಏರುತ್ತದೆ. ಹಿಡಿತವಿಲ್ಲದ ಕಡೆ ಸುತ್ತು ಕಮ್ಮಿಯಾಗುವುದೇ ಇಲ್ಲ. ಗುಂಡು ತುದಿಯಲ್ಲಿ ಒಂದು ಕ್ಷಣ ನಿಂತಾಗಲೂ ಗಿರ್ರನೆ ಸುತ್ತುತ್ತಲೇ ಇರುತ್ತದೆ. ಶಕ್ತಿ ಎಲ್ಲೂ ಹೋಗಿಲ್ಲ, ಏರಲು ಬಳಕೆಯಾಗಿಲ್ಲ ಅಷ್ಟೇ. ಗುಂಡಿನ ಮೇಲೆ ಚುಕ್ಕೆ ಹಾಕಿದ್ದರೆ ಇದು ಕಣ್ಣಿಗೇ ಕಾಣುತ್ತದೆ, ನೋಡಲು ಬಲು ಚೆನ್ನ.

ಲಕ್ಷಣ: ಲೂಪಿನ ತುದಿಯಲ್ಲಿ ಗುಂಡು ಕಳಚಿ ಬೀಳುತ್ತದೆ

ಲೂಪಿನ ತ್ರಿಜ್ಯದ 2.5ರಷ್ಟು ಎತ್ತರದಿಂದ ಬಿಟ್ಟಿರಾ? ಅದು ಘರ್ಷಣೆಯಿಲ್ಲದೆ ಜಾರುವ ವಸ್ತುವಿನ ಲೆಕ್ಕ. ಉರುಳುವ ಚಿಕ್ಕ ಘನ ಗೋಳಕ್ಕೆ 2.7 ಬೇಕು. ಗುಂಡು ಲಂಬಕೋನದ ಚಾನೆಲ್ಲಿನಲ್ಲಿ ಕೂತು ಓಡುತ್ತಿದ್ದರೆ 2.9. ಗುಂಡು ತೀರಾ ಚಿಕ್ಕದಲ್ಲದಿದ್ದರೆ ಲೂಪಿನ ತ್ರಿಜ್ಯ ಅಂದರೆ ಗುಂಡಿನ ಕೇಂದ್ರ ಸುತ್ತುವ ವೃತ್ತದ ತ್ರಿಜ್ಯ, ಹಳಿಯದ್ದಲ್ಲ. ಇವೆಲ್ಲ ಕನಿಷ್ಠ ಎತ್ತರಗಳು. ನಿಜವಾದ ಹಳಿಯಲ್ಲಿ ಮೇಲಿಂದ ಇನ್ನೊಂದಿಷ್ಟು ಸೇರಿಸಿಯೇ ಬಿಡಿ.

ಲಕ್ಷಣ: ಇಳಿಜಾರು ತಗ್ಗಿದಷ್ಟೂ ಪಾಲು ಕುಸಿಯುತ್ತದೆ

ಇಷ್ಟೆಲ್ಲ ದಾಟಿ ಬಂದ ಮೇಲೆ ಉರುಳು ಘರ್ಷಣೆಗೆ ಬರೋಣ. ಗುಂಡಾಗಲಿ ನೆಲವಾಗಲಿ ಪೂರ್ತಿ ದೃಢ ಕಾಯವಲ್ಲ. ಮುಟ್ಟಿದಲ್ಲಿ ಒಂಚೂರು ತಗ್ಗುತ್ತದೆ, ಮತ್ತೆ ಪುಟಿಯುವಾಗ ಕೊಟ್ಟದ್ದೆಲ್ಲ ವಾಪಸ್ ಬರುವುದಿಲ್ಲ. ರಬ್ಬರ್ ಹಾಸು, ಬಟ್ಟೆ, ಫೋಮ್ ಮೇಲೆ ಇದು ಜೋರು. ಗಾಜಿನ ಮೇಲೆ ಉಕ್ಕಿನ ಗುಂಡು ಬಿಟ್ಟರೆ ಬಹಳ ಕಮ್ಮಿ.

ಅಳೆಯುವುದು ಹೀಗೆ. ಹಲಗೆಯನ್ನು ಕೂದಲೆಳೆಯಷ್ಟು ಓರೆ ಮಾಡುತ್ತಾ ಹೋಗಿ. ಮೆಲ್ಲಗೆ ನೂಕಿದ ಗುಂಡು ವೇಗ ಏರಿಸದೆ, ಇಳಿಸದೆ, ಒಂದೇ ಸಮನೆ ಹೋಗುವ ಓರೆ ಸಿಗುತ್ತದೆ. ಆ ಓರೆಯ ಟ್ಯಾನ್ ಬೆಲೆಯೇ ಉರುಳು ಘರ್ಷಣೆಯ ಗುಣಾಂಕ. ಅದು 0.002 ಅಂತ ಬಂತು ಅಂದುಕೊಳ್ಳಿ. ಟ್ಯಾನ್ 0.1 ಇರುವ ಇಳಿಜಾರಿನಲ್ಲಿ ನಷ್ಟ ನೂರಕ್ಕೆ 2. ಟ್ಯಾನ್ 0.02 ಇರುವಲ್ಲಿ ನೂರಕ್ಕೆ 10.

ಇಲ್ಲೊಂದು ಬಲೆಯಿದೆ. ಎತ್ತರ ಅಳೆಯುವುದರಲ್ಲಿ 2 ಮಿ.ಮೀ. ತಪ್ಪಿದ್ದರೂ ಲಕ್ಷಣ ಹೀಗೇ ಕಾಣುತ್ತದೆ. 100 ಮಿ.ಮೀ. ಎತ್ತರದಲ್ಲಿ ನೂರಕ್ಕೆ 2, 20 ಮಿ.ಮೀ. ಎತ್ತರದಲ್ಲಿ ನೂರಕ್ಕೆ 10! ಬೇರ್ಪಡಿಸಬೇಕಾದರೆ ಓರೆ ಬದಲಿಸಬೇಡಿ, ಓಡುವ ಉದ್ದ ಬದಲಿಸಿ. ಉರುಳು ಘರ್ಷಣೆಯಾದರೆ ಅರ್ಧ ಉದ್ದದಲ್ಲೂ ಪಾಲು ಅಷ್ಟೇ ಇರುತ್ತದೆ. ಅಳತೆ ತಪ್ಪಿದ್ದರೆ ಚಿಕ್ಕ ಓಟದಲ್ಲಿ ಪಾಲು ಇನ್ನಷ್ಟು ಕೆಡುತ್ತದೆ.

ಹಗುರ ಚೆಂಡಿನಲ್ಲಿ ಗಾಳಿಯೂ ಕೈಹಾಕುತ್ತದೆ. ಟೇಬಲ್ ಟೆನಿಸ್ ಚೆಂಡು 40 ಮಿ.ಮೀ., ತೂಕ 2.7 ಗ್ರಾಂ. ಸೆಕೆಂಡಿಗೆ 1 ಮೀಟರ್ ವೇಗದಲ್ಲೇ ಗಾಳಿಯ ತಡೆ ಅದರ ತೂಕದ ನೂರರಲ್ಲಿ ಒಂದು ಪಾಲನ್ನು ಮುಟ್ಟುತ್ತದೆ. ತಗ್ಗಿನ ಇಳಿಜಾರಿನಲ್ಲಿ ಇದು ದೊಡ್ಡ ಮಾತೇ. ಕಾಂತದ ಗುಂಡನ್ನು ಅಲ್ಯೂಮಿನಿಯಂ ಹಳಿಯ ಮೇಲೆ ಬಿಟ್ಟರಂತೂ ಹಳಿಯಲ್ಲಿ ಹುಟ್ಟುವ ಸುಳಿ ವಿದ್ಯುತ್ ಅದನ್ನು ತಡೆದು ನಿಲ್ಲಿಸಲು ನೋಡುತ್ತದೆ. ಸಾದಾ ಉಕ್ಕಿನ ಗುಂಡಿಗೆ ಬದಲಿಸಿ. ಬಲವಾದ ಎರಡು ಕಾಂತದ ಗುಂಡುಗಳ ನಡುವೆ ಬೆರಳು ಸಿಕ್ಕಿಸಿಕೊಳ್ಳಬೇಡಿ.

ಎಲ್ಲಿ ನಿಲ್ಲಿಸಬೇಕು, ಯಾವಾಗ ಕೇಳಬೇಕು

ಎತ್ತರದ ಅಳತೆಯಲ್ಲಿ ನೂರಕ್ಕೆ 1, ವೇಗದಲ್ಲಿ ನೂರಕ್ಕೆ 1 ಅನಿಶ್ಚಿತತೆ ಇದ್ದರೆ ಪಾಲಿನಲ್ಲಿ ನೂರಕ್ಕೆ 2-3 ಆಚೀಚೆ ಆಗುವುದು ಸಹಜ. 0.71ರ ಬದಲು 0.70 ಬಂದಿದ್ದಕ್ಕೆ ಹಳಿ ಬಿಚ್ಚಬೇಡಿ. ಆ ವ್ಯತ್ಯಾಸದಲ್ಲಿ ಹುಡುಕಲು ಏನೂ ಇಲ್ಲ.

ಒಂದೇ ಜಾಗದಿಂದ ಬಿಟ್ಟರೂ ಪ್ರತಿ ಸಲ ಉತ್ತರ ನೂರಕ್ಕೆ 10ರಷ್ಟು ಕುಣಿಯುತ್ತಿದ್ದರೆ ಸೂತ್ರ ಹುಡುಕುವುದು ಬಿಡಿ. ಗುಂಡು ಪಕ್ಕಕ್ಕೆ ಬಡಿಯುತ್ತಿರಬಹುದು, ಹಲಗೆ ಅಡ್ಡಕ್ಕೆ ಓರೆಯಾಗಿರಬಹುದು, ಟೈಮರ್ ಕೆಟ್ಟಿರಬಹುದು. ಮೊದಲ ಎರಡನ್ನು ನೀವೇ ನೋಡಿ. ಟೈಮರಿನ ಅಥವಾ ಪವರ್ ಸಪ್ಲೈನ ಮುಚ್ಚಳ ತೆಗೆಯಲು ಹೋಗಬೇಡಿ, ಲ್ಯಾಬಿನವರಿಗೆ ಕೊಡಿ. ಗುಂಡಿನಲ್ಲಿ ತಗ್ಗು ಬಿದ್ದಿದ್ದರೆ ರಿಪೇರಿ ಇಲ್ಲ, ಬದಲಿಸಬೇಕು. ಹಳಿ ನಡುವೆ ಜೋತುಬಿದ್ದಿದ್ದರೆ ಕೆಳಗೆ ಇನ್ನೊಂದು ಆಸರೆ ಕೊಟ್ಟರೆ ಸಾಕು.

ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಗುಂಡಿನ ತೂಕ, ವ್ಯಾಸ, ಒಂದು ಸುತ್ತಿಗೆ ಹಳಿಯ ಮೇಲೆ ಹೋಗುವ ದೂರ, ಪಕ್ಕದಿಂದ ತೆಗೆದ ಒಂದು ಫೋಟೋ, ಮತ್ತು ಮೂರು ಬೇರೆ ಬೇರೆ ಓರೆಗಳಲ್ಲಿ ಬಂದ ಓಟದ ಪಾಲು ಬರೆದುಕೊಂಡು ಹೋಗಿ. ಆ ಮೂರು ಪಾಲು ಒಂದೇ ಇದ್ದರೆ ಹಳಿಯ ಆಕಾರವನ್ನೋ ಸೂತ್ರವನ್ನೋ ನೋಡುತ್ತಾರೆ. ಓರೆಯ ಜೊತೆ ಏರುತ್ತಿದ್ದು 0.71 ದಾಟಿದ್ದರೆ ಜಾರಾಟ. ಏರುತ್ತಾ 0.71ರ ಹತ್ತಿರಕ್ಕೆ ಬಂದು ನಿಂತರೆ ಉರುಳು ಘರ್ಷಣೆ ಅಥವಾ ಎತ್ತರದ ಅಳತೆ.